ಬಿಎಸ್ಸಿಯೂ ಇರಲಿ, ನೀಟೂ ಇರಲಿ

ಜೂನ್ ಬಂತೆಂದರೆ ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ಎಷ್ಟೋ ಮನೆಗಳಲ್ಲಿ ಒಂದೇ ಮಾತು. ನೀಟ್ ಫಲಿತಾಂಶ ಬಂದಿದೆ. ಮಗಳು ಕ್ವಾಲಿಫೈ ಆಗಿದ್ದಾಳೆ, ಆದರೆ ಸೀಟು ಸಿಗುವಷ್ಟು ರ‍್ಯಾಂಕ್ ಬಂದಿಲ್ಲ. ‘ಒಂದು ವರ್ಷ ಲಾಂಗ್ ಟರ್ಮ್ ಕೋಚಿಂಗ್‌ಗೆ ಹಾಕೋಣ’ ಎನ್ನುತ್ತಾರೆ ಅಪ್ಪ. ‘ಆಗಲೂ ಆಗದಿದ್ದರೆ ವರ್ಷವೂ ಹೋಯಿತು, ದುಡ್ಡೂ ಹೋಯಿತು’ ಎನ್ನುವುದು ಅಮ್ಮನ ಆತಂಕ. ‘ನಾನು ಬಿಎಸ್ಸಿಗೆ ಸೇರಿಕೊಂಡು ಜೊತೆಗೇ ಓದ್ತೀನಿ’ ಎಂದು ಮಗಳು ಹೇಳಿದರೆ, ಬಂಧುಗಳಲ್ಲಿ ಯಾರಾದರೊಬ್ಬರು ಎರಡು ದೋಣಿಯ ಮೇಲೆ ಕಾಲಿಡಬಾರದು ಎಂದು ಬುದ್ಧಿ ಹೇಳುತ್ತಾರೆ.

ಈ ವಿಷಯದಲ್ಲಿ ನಾನು ಆ ಮಗಳ ಪರ. ಬಿಎಸ್ಸಿ ಓದುತ್ತಲೇ ನೀಟ್‌ಗೆ ತಯಾರಾಗುವುದು ಸಾಧ್ಯ, ಬಹಳ ಮಂದಿಗೆ ಅದೇ ಸರಿಯಾದ ದಾರಿಯೂ ಹೌದು. ಆದರೆ ಒಂದು ಷರತ್ತಿದೆ. ಮೆಡಿಕಲ್ ಸೀಟು ಸಿಗುವವರೆಗೆ ಹೊತ್ತು ಕಳೆಯುವ ಜಾಗವೆಂದು ಬಿಎಸ್ಸಿಗೆ ಸೇರಿದರೆ ಎರಡೂ ಕೈತಪ್ಪುತ್ತವೆ. ಸೀಟು ಸಿಗದಿದ್ದರೂ ಈ ಪದವಿ ನನ್ನದೇ ಎಂದು ಒಪ್ಪಿಕೊಂಡು ಸೇರಿದರೆ ಎರಡನ್ನೂ ನಿಭಾಯಿಸಬಹುದು.

ಮೊದಲು ಲೆಕ್ಕ ನೋಡೋಣ. 2025ರ ನೀಟ್ ಅನ್ನು ದೇಶದಲ್ಲಿ 22 ಲಕ್ಷಕ್ಕೂ ಹೆಚ್ಚು ಮಂದಿ ಬರೆದರು. ಅರ್ಹತೆ ಪಡೆದವರು 12 ಲಕ್ಷಕ್ಕೂ ಹೆಚ್ಚು. ಎಂಬಿಬಿಎಸ್ ಸೀಟುಗಳು ಸರ್ಕಾರಿ, ಖಾಸಗಿ ಎಲ್ಲ ಸೇರಿ ಒಂದು ಲಕ್ಷ ಚಿಲ್ಲರೆ. ಅಂದರೆ ಅರ್ಹತೆ ಪಡೆದ ಹತ್ತು ಮಂದಿಯಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಸೀಟು. ಉಳಿದವರೆಲ್ಲ ದಡ್ಡರೂ ಅಲ್ಲ, ಸೋಮಾರಿಗಳೂ ಅಲ್ಲ. ಅವರು ಆ ವರ್ಷ ಏನು ಮಾಡಬೇಕು ಎನ್ನುವುದು ದೊಡ್ಡ ಪ್ರಶ್ನೆ. ಅದಕ್ಕೆ ಕೋಚಿಂಗ್ ಸೆಂಟರ್‌ಗಳ ಜಾಹೀರಾತು ಬಿಟ್ಟರೆ ಬೇರೆ ಯಾರೂ ಗಟ್ಟಿಯಾಗಿ ಉತ್ತರ ಹೇಳುತ್ತಿಲ್ಲ.

ಪದವಿ ಓದುತ್ತಲೇ ಮೆಡಿಕಲ್‌ಗೆ ತಯಾರಾಗುವುದು ಹೊಸದೇನಲ್ಲ. ಅಮೆರಿಕದಲ್ಲಿ ವೈದ್ಯರಾಗಬೇಕೆನ್ನುವವರು ಮೊದಲು ನಾಲ್ಕು ವರ್ಷದ ಪದವಿ ಮಾಡುತ್ತಾರೆ. ಆ ಅವಧಿಯಲ್ಲೇ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರದ ನಿಗದಿತ ಪಾಠಗಳನ್ನು ಓದಿ, ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆದು, ಆಮೇಲೆ ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕುತ್ತಾರೆ. ಅದನ್ನೇ ಪ್ರಿ-ಮೆಡ್ ಎನ್ನುತ್ತಾರೆ. ನಮ್ಮಲ್ಲಿಯೂ ಪಿಯುಸಿ ಒಂದೇ ವರ್ಷವಿದ್ದ ಕಾಲದಲ್ಲಿ, ಮೆಡಿಕಲ್‌ಗೆ ಹೋಗುವ ಮುನ್ನ ಪಿಪಿಸಿ, ಅಂದರೆ ಪ್ರಿ-ಪ್ರೊಫೆಷನಲ್ ಕೋರ್ಸ್, ಓದಬೇಕಿತ್ತು. ಈಗಿನ ಹಿರಿಯ ವೈದ್ಯರಲ್ಲಿ ಆ ದಾರಿಯಿಂದ ಬಂದವರಿದ್ದಾರೆ. ಎರಡು ವರ್ಷದ ಪಿಯುಸಿ ಬಂದ ಮೇಲೆ ಅದು ಹೋಯಿತು. ಆದರೂ ನೀಟ್ ಮಾಹಿತಿ ಪುಸ್ತಿಕೆಯ ಅರ್ಹತಾ ಪಟ್ಟಿಯಲ್ಲಿ ಪ್ರಿ-ಮೆಡಿಕಲ್ ಪರೀಕ್ಷೆಯ ಉಲ್ಲೇಖ ಹಾಗೆಯೇ ಉಳಿದುಕೊಂಡಿದೆ. ಅದರ ಕೆಳಗೇ ಬಿಎಸ್ಸಿ ಮೊದಲ ವರ್ಷ ಮುಗಿಸಿದವರ, ಬಿಎಸ್ಸಿ ಪೂರ್ತಿ ಮಾಡಿದವರ ಪ್ರಸ್ತಾಪವೂ ಇದೆ.

ಹಾಗಾಗಿ ಪೋಷಕರನ್ನು ಕಾಡುವ ಮೊದಲ ಭಯಕ್ಕೆ ನೇರ ಉತ್ತರವಿದೆ. ಬಿಎಸ್ಸಿಗೆ ಸೇರಿದರೆ ನೀಟ್ ಬರೆಯುವ ಅರ್ಹತೆ ಹೋಗುವುದಿಲ್ಲ. ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಸೇರಿ ಸಾಮಾನ್ಯ ವರ್ಗಕ್ಕೆ ಶೇ 50, ಪರಿಶಿಷ್ಟರು ಮತ್ತು ಹಿಂದುಳಿದ ವರ್ಗದವರಿಗೆ ಶೇ 40 ಅಂಕ ಬಂದಿದ್ದರೆ ಸಾಕು. ಎಷ್ಟು ಸಲ ಬೇಕಾದರೂ ಬರೆಯಬಹುದು. ಗರಿಷ್ಠ ವಯೋಮಿತಿಯನ್ನು 2022ರಲ್ಲೇ ತೆಗೆದುಹಾಕಿದ್ದಾರೆ. ಪಿಯುಸಿ ಅಂಕವೇ ಕಡಿಮೆ ಇರುವವರು ಮಾತ್ರ ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು. ಈಗ ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ನಡೆಯುವುದರಿಂದ ಅದಕ್ಕೆ ಅವಕಾಶವಿದೆ.

ಹಾಗೆಂದು ಲಾಂಗ್ ಟರ್ಮ್ ಯಾರಿಗೂ ಬೇಡವೆಂದಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಪ್ರತಿ ಸುತ್ತಿನ ಕಟಾಫ್ ರ‍್ಯಾಂಕ್‌ಗಳನ್ನು ತನ್ನ ಜಾಲತಾಣದಲ್ಲಿ ಹಾಕುತ್ತದೆ. ಕೊನೆಯ ಸುತ್ತಿನಲ್ಲಿ ನಿಮ್ಮ ಪ್ರವರ್ಗಕ್ಕೆ, 2ಎ ಆಗಲಿ 3ಬಿ ಆಗಲಿ, ಸರ್ಕಾರಿ ಸೀಟು ಯಾವ ರ‍್ಯಾಂಕಿಗೆ ನಿಂತಿತು ಎಂದು ನೋಡಿ. ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮ ಮೀಸಲಾತಿ, 371ಜೆ ಅನ್ವಯಿಸುವುದಾದರೆ ಆ ಪಟ್ಟಿಯನ್ನೂ ನೋಡಿ. ಕೆಲವೇ ಅಂಕಗಳಿಂದ ತಪ್ಪಿದ್ದರೆ, ಮಗುವಿಗೆ ಓದುವ ಹಟವಿದ್ದರೆ, ಮನೆಯಲ್ಲಿ ಶುಲ್ಕ ಕಟ್ಟುವ ಶಕ್ತಿಯಿದ್ದರೆ ಒಂದು ವರ್ಷ ಪೂರ್ತಿ ಅದಕ್ಕೇ ಮೀಸಲಿಡುವುದು ನ್ಯಾಯ. ನೂರಾರು ಅಂಕಗಳ ಅಂತರವಿದ್ದರೆ, ಅಥವಾ ಒಮ್ಮೆ ಲಾಂಗ್ ಟರ್ಮ್ ಮಾಡಿಯೂ ಆಗಿಲ್ಲದಿದ್ದರೆ, ಕಾಲೇಜು ಬಿಟ್ಟು ಕೂರುವುದು ದೊಡ್ಡ ಪಣ. ಅಂಥವರಿಗೆ ಬಿಎಸ್ಸಿ ಒಳ್ಳೆಯದು.

ಬಿಎಸ್ಸಿ ಎಂದ ಮೇಲೆ ಯಾವ ಕಾಂಬಿನೇಷನ್? 2021-22ರಲ್ಲಿ ಬಂದ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಆನರ್ಸ್ ಪದ್ಧತಿಯನ್ನು ರಾಜ್ಯ ಸರ್ಕಾರ 2024-25ರಲ್ಲಿ ಕೈಬಿಟ್ಟಿತು. ಮೂರು ವರ್ಷದ ಪದವಿ, ಮೂರು ಮುಖ್ಯ ವಿಷಯಗಳ ಪದ್ಧತಿ ಮರಳಿ ಬಂತು. ಹೀಗಾಗಿ ಸಿಬಿಝಡ್ ಎಂದು ಎಲ್ಲರೂ ಕರೆಯುವ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದ ಕಾಂಬಿನೇಷನ್ ಮತ್ತೆ ಸಿಗುತ್ತಿದೆ. ನೀಟ್‌ನ 180 ಪ್ರಶ್ನೆಗಳಲ್ಲಿ 90 ಜೀವಶಾಸ್ತ್ರದ್ದು, 45 ರಸಾಯನಶಾಸ್ತ್ರದ್ದು. ಸಿಬಿಝಡ್ ಓದುವವರಿಗೆ ಈ 135 ಪ್ರಶ್ನೆಗಳ ವಿಷಯದೊಂದಿಗೆ ದಿನವೂ ನಂಟು ಇರುತ್ತದೆ. ಉಳಿದ 45, ಅಂದರೆ ಭೌತಶಾಸ್ತ್ರ, ಕಾಲೇಜಿನಲ್ಲಿ ಸಂಪೂರ್ಣ ತಪ್ಪಿಹೋಗುತ್ತದೆ. ಜೀವಶಾಸ್ತ್ರ ಇಷ್ಟಪಟ್ಟು ಈ ದಾರಿಗೆ ಬಂದವರಲ್ಲಿ ಬಹಳಷ್ಟು ಮಂದಿಗೆ ಮೊದಲೇ ಹೆದರಿಕೆ ಇರುವುದು ಅದರದ್ದೇ. 720ರಲ್ಲಿ 180 ಅಂಕ ಅದರ ಪಾಲು. ಆದ್ದರಿಂದ ಸಿಬಿಝಡ್ ವಿದ್ಯಾರ್ಥಿ ಮನೆಯಲ್ಲಿ ನೀಟ್‌ಗೆಂದು ಕೂರುವ ಸಮಯದಲ್ಲಿ ಅರ್ಧದಷ್ಟನ್ನು ಭೌತಶಾಸ್ತ್ರಕ್ಕೇ ಕೊಡಬೇಕು. ಹಣ ಕೊಟ್ಟು ಟ್ಯೂಷನ್‌ಗೆ ಹೋಗುವುದಾದರೆ ಇದೊಂದು ವಿಷಯಕ್ಕೆ ಹೋದರೆ ಸಾಕು.

ಬಿಎಸ್ಸಿ ಪಾಠವೂ ನೀಟ್ ಪಾಠವೂ ಎಲ್ಲಿ ಸೇರುತ್ತವೆ, ಎಲ್ಲಿ ಬೇರಾಗುತ್ತವೆ ಎಂಬುದನ್ನು ಒಂದು ಉದಾಹರಣೆಯಲ್ಲಿ ನೋಡಬಹುದು. ಪ್ರಥಮ ಪಿಯುಸಿಯ ಪ್ರಾಣಿ ಸಾಮ್ರಾಜ್ಯದ ಅಧ್ಯಾಯದಲ್ಲಿ ಚಪ್ಪಟೆ ಹುಳುಗಳ ಬಗ್ಗೆ ಒಂದು ಪುಟ್ಟ ಪ್ಯಾರಾ ಇದೆ. ಅವುಗಳ ದೇಹದಲ್ಲಿ ನೀರು-ಲವಣದ ಸಮತೋಲನ ಮತ್ತು ವಿಸರ್ಜನೆಗೆ ಫ್ಲೇಮ್ ಸೆಲ್‌ಗಳು ನೆರವಾಗುತ್ತವೆ ಎಂದು ಅಲ್ಲಿ ಒಂದೇ ಸಾಲಿನಲ್ಲಿ ಹೇಳಿದ್ದಾರೆ. ನೀಟ್ ಕೇಳುವುದು ಆ ಸಾಲನ್ನು: ಎಡಗಡೆ ಪ್ರಾಣಿವರ್ಗ, ಬಲಗಡೆ ಅಂಗ, ಹೊಂದಿಸಿ ಬರೆಯಿರಿ, ಸಮಯ ಒಂದು ನಿಮಿಷ. ಬಿಎಸ್ಸಿ ಪ್ರಾಣಿಶಾಸ್ತ್ರದಲ್ಲಿ ಅದೇ ಹುಳು ಮೈಕ್ರೋಸ್ಕೋಪಿನ ಕೆಳಗೆ ಬರುತ್ತದೆ. ಲಾಡಿಹುಳುವಿನ ಸ್ಲೈಡ್ ನೋಡಿ, ಪೆನ್ಸಿಲಿನಲ್ಲಿ ಚಿತ್ರ ಬಿಡಿಸಿ, ಭಾಗಗಳನ್ನು ಗುರುತಿಸಿ, ರೆಕಾರ್ಡ್‌ಗೆ ಸಹಿ ಹಾಕಿಸಿಕೊಳ್ಳಬೇಕು. ಸೆಮಿಸ್ಟರ್ ಪರೀಕ್ಷೆಯಲ್ಲಿ ಅದರ ಬಗ್ಗೆ ಪುಟಗಟ್ಟಲೆ ಬರೆಯಬೇಕು. ಸ್ಲೈಡ್ ನೋಡಿದವಳಿಗೆ ಆ ಸಾಲು ಮರೆಯುವುದಿಲ್ಲ, ಇದು ಲಾಭ. ಆದರೆ ಪುಟಗಟ್ಟಲೆ ಬರೆಯಲು ಬಂದ ಮಾತ್ರಕ್ಕೆ ನಿಮಿಷದಲ್ಲಿ ಸರಿಯುತ್ತರ ಗುರುತಿಸಲು ಬರುವುದಿಲ್ಲ. ಅದಕ್ಕೆ ಬೇರೆಯೇ ಅಭ್ಯಾಸ ಬೇಕು. ಹೀಗಾಗಿ ಕಾಲೇಜಿನಲ್ಲಿ ಒಂದು ಪಾಠ ನಡೆದ ದಿನವೇ ಎನ್‌ಸಿಇಆರ್‌ಟಿಯಲ್ಲಿ ಅದಕ್ಕೆ ಸಂಬಂಧಿಸಿದ ಪುಟ ತೆಗೆದು ಓದಿ, ಹಿಂದಿನ ವರ್ಷಗಳ ಪ್ರಶ್ನೆ ಬಿಡಿಸುವುದು ಒಳ್ಳೆಯದು. ಒಂದು ಓದು ಎರಡು ಪರೀಕ್ಷೆಗೂ ಒದಗುತ್ತದೆ. ನಮ್ಮ ಪಿಯು ವಿಜ್ಞಾನ ಪಠ್ಯ ಎನ್‌ಸಿಇಆರ್‌ಟಿಯದೇ ಆದ್ದರಿಂದ ಹಳೆಯ ಪಿಯುಸಿ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ. 2024ರಿಂದ ನೀಟ್ ಪಠ್ಯಕ್ರಮದಲ್ಲಿ ಕೆಲವು ಭಾಗಗಳನ್ನು ಕೈಬಿಟ್ಟಿರುವುದರಿಂದ ಹೊಸ ಪಠ್ಯಕ್ರಮ ಪಕ್ಕದಲ್ಲಿಟ್ಟುಕೊಂಡು ಓದಿದರಾಯಿತು.

ಇನ್ನು ದೊಡ್ಡ ವಿಶ್ವವಿದ್ಯಾಲಯದ ಸಂಗತಿ. ಬೆಂಗಳೂರು ವಿಶ್ವವಿದ್ಯಾಲಯ ಶುರುವಾದದ್ದು 1964ರಲ್ಲಿ. ಕೆಂಗೇರಿ ಕಡೆ ಹೋಗುವ ದಾರಿಯಲ್ಲಿ ಸಾವಿರ ಎಕರೆಗೂ ಮಿಕ್ಕಿ ಹರಡಿರುವ ಜ್ಞಾನಭಾರತಿ ಆವರಣದಲ್ಲಿ ಇರುವುದು ಹೆಚ್ಚಾಗಿ ಸ್ನಾತಕೋತ್ತರ ವಿಭಾಗಗಳು. ಬಿಎಸ್ಸಿ ನಡೆಯುವುದು ಊರ ತುಂಬ ಇರುವ ಸಂಯೋಜಿತ ಕಾಲೇಜುಗಳಲ್ಲಿ. 2017ರಲ್ಲಿ ವಿಶ್ವವಿದ್ಯಾಲಯ ಮೂರಾಗಿ ಒಡೆದ ಮೇಲೆ ಹತ್ತಿರ ಹತ್ತಿರದ ಎರಡು ಕಾಲೇಜುಗಳು ಬೇರೆ ಬೇರೆ ವಿಶ್ವವಿದ್ಯಾಲಯಕ್ಕೆ ಸೇರಿರಬಹುದು. ರಾಜಾಜಿನಗರದ ಕೆಎಲ್‌ಇ ನಿಜಲಿಂಗಪ್ಪ ಕಾಲೇಜಿನಂಥ ಸ್ವಾಯತ್ತ ಕಾಲೇಜುಗಳು ತಮ್ಮ ಪರೀಕ್ಷೆ ತಾವೇ ನಡೆಸುತ್ತವೆ. ನೃಪತುಂಗ ವಿಶ್ವವಿದ್ಯಾಲಯ, ಮಹಾರಾಣಿ ಕ್ಲಸ್ಟರ್ ವಿಶ್ವವಿದ್ಯಾಲಯಕ್ಕೆ ಅವುಗಳದೇ ವೇಳಾಪಟ್ಟಿ. ಹಾಗಾಗಿ ಸೇರುವ ಮುನ್ನ ಕಾಲೇಜಿನ ಕಚೇರಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ಹೋದ ವರ್ಷ ಎರಡನೇ ಸೆಮಿಸ್ಟರಿನ ಇಂಟರ್ನಲ್ಸ್ ಯಾವಾಗ ನಡೆಯಿತು, ಪ್ರಾಕ್ಟಿಕಲ್ ಪರೀಕ್ಷೆ ಯಾವಾಗ, ಥಿಯರಿ ಯಾವಾಗ? 2023, 2024, 2025ರಲ್ಲಿ ನೀಟ್ ನಡೆದದ್ದು ಮೇ ತಿಂಗಳ ಮೊದಲ ಭಾನುವಾರ. ಕಾಲೇಜಿನ ಇಂಟರ್ನಲ್ಸ್ ಏಪ್ರಿಲ್ ಕೊನೆಗೆ ಬೀಳುವುದಾದರೆ ಅದನ್ನು ಮೊದಲೇ ತಿಳಿದಿರಬೇಕು.

ಪಿಯುಸಿಯಲ್ಲಿ ಒಂದು ದಿನ ತಪ್ಪಿಸಿಕೊಂಡರೆ ಮನೆಗೆ ಮೆಸೇಜ್ ಬರುತ್ತಿತ್ತು. ಪದವಿ ಕಾಲೇಜಿನಲ್ಲಿ ಬಹುತೇಕ ಯಾರೂ ಕೇಳುವುದಿಲ್ಲ. ಸೆಮಿಸ್ಟರಿನ ಕೊನೆಗೆ ಶೇ 75 ಅಟೆಂಡೆನ್ಸ್ ಇಲ್ಲವೆಂದು ಹಾಲ್ ಟಿಕೆಟ್ ತಡೆದಾಗಲೇ ಗೊತ್ತಾಗುವುದು. ನೀಟ್‌ಗೆ ಓದುವ ಹುಡುಗರು ಮೊದಲು ಕೈಬಿಡುವುದು ಲ್ಯಾಬ್ ಮತ್ತು ರೆಕಾರ್ಡ್. ಹೀಗೆ ಬಿಟ್ಟ ರೆಕಾರ್ಡ್ ಏಪ್ರಿಲ್‌ನಲ್ಲಿ ಒಟ್ಟಿಗೆ ಬೆನ್ನು ಹತ್ತಿದಾಗ ಮಾಕ್ ಟೆಸ್ಟ್‌ಗೆ ಇಟ್ಟಿದ್ದ ವಾರಗಳು ಚಿತ್ರ ಬಿಡಿಸುವುದರಲ್ಲಿ ಹೋಗುತ್ತವೆ. ಆಯಾ ವಾರದ ರೆಕಾರ್ಡ್ ಆಯಾ ವಾರವೇ ಮುಗಿಸುವುದು ನೀಟ್‌ಗೂ ಮಾಡಿದ ತಯಾರಿ. ವಿಭಾಗದ ಒಬ್ಬ ಅಧ್ಯಾಪಕರಿಗಾದರೂ, ‘ಸರ್, ನಾನು ನೀಟ್ ಮತ್ತೆ ಬರೀತಿದ್ದೀನಿ’ ಎಂದು ಮೊದಲ ತಿಂಗಳಲ್ಲೇ ಹೇಳಿಬಿಡಿ. ಇಂಟರ್ನಲ್ಸ್ ಹೊಂದಿಸಿಕೊಡಲು, ಅರ್ಥವಾಗದ್ದನ್ನು ಹೇಳಿಕೊಡಲು ಮನಸ್ಸು ಮಾಡುವ ಮೇಷ್ಟರು ನಮ್ಮ ಕಾಲೇಜುಗಳಲ್ಲಿ ಈಗಲೂ ಇದ್ದಾರೆ. ಆದರೆ ಅವರಿಗೆ ವಿಷಯ ಗೊತ್ತಿರಬೇಕು.

ದಿನಚರಿಯ ವಿಷಯದಲ್ಲಿ ಅತಿ ಆಸೆ ಬೇಡ. ಕಾಲೇಜು, ಲ್ಯಾಬ್, ಓಡಾಟ ಮುಗಿಸಿದ ಮೇಲೆ ವಾರದ ದಿನಗಳಲ್ಲಿ ನೀಟ್‌ಗೆ ಪ್ರಾಮಾಣಿಕವಾಗಿ ಮೂರು ಗಂಟೆ ಸಿಕ್ಕರೆ ದೊಡ್ಡದು. ಹತ್ತು ಗಂಟೆಯ ವೇಳಾಪಟ್ಟಿ ಗೋಡೆಗೆ ಅಂಟಿಸಿ ಎರಡೇ ವಾರಕ್ಕೆ ಬಿಡುವುದಕ್ಕಿಂತ ದಿನಕ್ಕೆ ಮೂರು ಗಂಟೆಯಂತೆ ವರ್ಷ ಪೂರ್ತಿ ಓದುವುದು ಮೇಲು. ಕೆಂಗೇರಿಯಿಂದಲೋ ವಿಜಯನಗರದಿಂದಲೋ ನೇರಳೆ ಮಾರ್ಗದ ಮೆಟ್ರೊ ಹತ್ತುವವರಿಗೆ ಸೀಟು ಸಿಕ್ಕರೆ ಆ ಹೊತ್ತು ಸೂತ್ರಗಳ ಪುನರಾವರ್ತನೆಗೆ ಸಾಕು. ಮನೆಯಲ್ಲಿ ಜಾಗವಿಲ್ಲದವರಿಗೆ ವಿಜಯನಗರದ ಹಂಪಿನಗರ ಗ್ರಂಥಾಲಯವಿದೆ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗಳಿಗೆ ಓದುವ ನಾನಾ ಜಿಲ್ಲೆಯ ಹುಡುಗ ಹುಡುಗಿಯರು ಬಂದು ಕೂರುವ ಜಾಗ ಅದು. ಓದುವವರ ನಡುವೆ ಕೂತರೆ ಮೊಬೈಲ್ ತೆಗೆಯಲು ತಾನಾಗಿಯೇ ಮನಸ್ಸು ಬರುವುದಿಲ್ಲ.

ಭಾನುವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ಪೂರ್ಣ ಮಾಕ್ ಟೆಸ್ಟ್ ಬರೆಯಬೇಕು, ಓಎಂಆರ್ ಹಾಳೆಯಲ್ಲೇ, ಪೆನ್ನಿನಲ್ಲೇ. ನೀಟ್ ನಡೆಯುತ್ತಾ ಬಂದಿರುವುದು ಊಟದ ನಂತರದ ಆ ಹೊತ್ತಿನಲ್ಲಿ. ಬೆಳಿಗ್ಗೆ ಚುರುಕಾಗಿರುವ ತಲೆ ಮೇ ತಿಂಗಳ ಬಿಸಿಲಲ್ಲಿ, ಮಧ್ಯಾಹ್ನ ಮೂರೂವರೆಗೆ, ಭೌತಶಾಸ್ತ್ರದ ಲೆಕ್ಕ ಬಿಡಿಸಲು ಒಗ್ಗಬೇಕಾದರೆ ಹಿಂದಿನ ಹಲವು ಭಾನುವಾರಗಳ ರೂಢಿ ಬೇಕು. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿದರೆ ಒಂದು ಕಳೆಯುತ್ತಾರೆ. ಹಾಗಾಗಿ ಟೆಸ್ಟ್ ಮುಗಿದ ಮೇಲೆ ತಪ್ಪಾದ ಪ್ರತಿಯೊಂದು ಉತ್ತರದ ಮುಂದೆ ‘ಗೊತ್ತಿರಲಿಲ್ಲ’, ‘ಗೊತ್ತಿತ್ತು, ಅವಸರವಾಯಿತು’, ‘ಲೆಕ್ಕ ತಪ್ಪಿತು’ ಎಂದು ಬರೆದಿಡಿ. ಮುಂದಿನ ವಾರ ಏನು ಓದಬೇಕೆಂದು ಆ ಪಟ್ಟಿಯೇ ಹೇಳುತ್ತದೆ.

ಸೀಟು ಸಿಕ್ಕಿತು ಎಂದುಕೊಳ್ಳಿ. ಆಗ ಬೇರೆಯೇ ಓಡಾಟ ಶುರು. ಕಾಗದಪತ್ರದ ಕಾರಣಕ್ಕೆ ಯಾರೂ ಸೀಟು ಕಳೆದುಕೊಳ್ಳಬಾರದು. ನೀಟ್ ಅರ್ಜಿ ಹಾಕಿದರಷ್ಟೇ ಸಾಲದು, ರಾಜ್ಯದ ಕೋಟಾಕ್ಕೆ ಕೆಇಎಯಲ್ಲೂ ನೋಂದಾಯಿಸಬೇಕು. ಪದವಿ ಕಾಲೇಜಿನಲ್ಲಿರುವವರಿಗೆ ಇದನ್ನು ನೆನಪಿಸುವವರು ಇರುವುದಿಲ್ಲ. ಕೌನ್ಸೆಲಿಂಗ್ ಸುತ್ತುಗಳು ಸೆಪ್ಟೆಂಬರ್, ಅಕ್ಟೋಬರ್‌ವರೆಗೂ ಎಳೆಯುವುದುಂಟು. ಅಷ್ಟರಲ್ಲಿ ಬಿಎಸ್ಸಿ ತರಗತಿ ಶುರುವಾಗಿ ಟಿಸಿ, ಅಂಕಪಟ್ಟಿ ಕಾಲೇಜಿನಲ್ಲಿರುತ್ತದೆ. ವಿದ್ಯಾರ್ಥಿಗಳ ಮೂಲ ದಾಖಲೆಗಳನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರ ಅಧಿಸೂಚನೆಯಲ್ಲಿ ಸ್ಪಷ್ಟವಾಗಿ ಹೇಳಿದೆ. ಶುಲ್ಕ ವಾಪಸಿನ ಲೆಕ್ಕವೂ ಅದರಲ್ಲೇ ಇದೆ. ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಬಿಟ್ಟರೆ ಸಣ್ಣ ಸಂಸ್ಕರಣಾ ಶುಲ್ಕ ಕಳೆದು ಪೂರ್ತಿ ಹಣ, ಅದಾದ ಮೇಲೆ ಕೊನೆಯ ದಿನದೊಳಗೆ ಬಿಟ್ಟರೆ ಶೇ 90, ಕೊನೆಯ ದಿನ ಕಳೆದು 15 ದಿನದೊಳಗೆ ಶೇ 80, 30 ದಿನದೊಳಗೆ ಶೇ 50, ಆಮೇಲೆ ಏನೂ ಇಲ್ಲ. ಸೇರುವ ದಿನವೇ ದಾಖಲೆಗಳ ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ, ಕೊಟ್ಟದ್ದಕ್ಕೆ ಸಹಿ ಪಡೆದುಕೊಳ್ಳಿ.

ಪಶ್ಚಿಮ ಬೆಂಗಳೂರಿನವರು ಗಮನಿಸಲೇಬೇಕಾದ ಇನ್ನೊಂದು ಬಾಗಿಲಿದೆ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಆವರಣದಲ್ಲೇ ಇಎಸ್‌ಐಸಿ ಮೆಡಿಕಲ್ ಕಾಲೇಜಿದೆ. ಇಎಸ್‌ಐಸಿ ಮೆಡಿಕಲ್ ಕಾಲೇಜುಗಳಲ್ಲಿ ಇಎಸ್‌ಐ ವಿಮೆ ಇರುವ ಕಾರ್ಮಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಉಂಟು. ಪೀಣ್ಯದ ಕಾರ್ಖಾನೆ, ಮೈಸೂರು ರಸ್ತೆಯ ಗಾರ್ಮೆಂಟ್ಸ್, ಕಾಮಾಕ್ಷಿಪಾಳ್ಯದ ಸಣ್ಣ ವರ್ಕ್‌ಶಾಪ್‌ಗಳಲ್ಲಿ ದುಡಿಯುವ ಎಷ್ಟೋ ತಂದೆತಾಯಿಯರ ಸಂಬಳದಿಂದ ತಿಂಗಳು ತಿಂಗಳು ಇಎಸ್‌ಐ ಕಡಿತವಾಗುತ್ತದೆ. ಜ್ವರ ಬಂದಾಗ ಆಸ್ಪತ್ರೆಗೆ ಹೋಗುವುದಕ್ಕೆ ಮಾತ್ರ ಆ ಕಾರ್ಡ್ ಎಂದುಕೊಂಡವರೇ ಹೆಚ್ಚು. ನಿಗದಿತ ಅವಧಿ ವಂತಿಗೆ ಕಟ್ಟಿದ್ದರೆ, ಇಎಸ್‌ಐಸಿಯಿಂದ ಸಕಾಲದಲ್ಲಿ ಅರ್ಹತಾ ಪ್ರಮಾಣಪತ್ರ ಪಡೆದರೆ, ಮಗ ಅಥವಾ ಮಗಳು ಈ ಕೋಟಾದಲ್ಲಿ ಸೀಟಿಗೆ ಸ್ಪರ್ಧಿಸಬಹುದು. ನೀಟ್ ಅರ್ಹತೆ ಕಡ್ಡಾಯ, ಕೌನ್ಸೆಲಿಂಗ್ ನಡೆಯುವುದು ದೆಹಲಿಯ ಎಂಸಿಸಿ, ಅಂದರೆ ಮೆಡಿಕಲ್ ಕೌನ್ಸೆಲಿಂಗ್ ಕಮಿಟಿ, ಮೂಲಕ. ಪ್ರಮಾಣಪತ್ರಕ್ಕೆ ಅರ್ಜಿ ಕರೆಯುವ ಅವಧಿ ಚಿಕ್ಕದು, ಅದು ಮುಗಿದ ಮೇಲೆ ಕೇಳಿದರೆ ಪ್ರಯೋಜನವಿಲ್ಲ. ಅಪ್ಪನ ಸಂಬಳದ ಚೀಟಿಯಲ್ಲಿ ಇಎಸ್‌ಐ ಕಡಿತವಿದೆಯೇ ಎಂದು ಇವತ್ತೇ ನೋಡಿ.

ಬಿಎಸ್ಸಿ ಓದುತ್ತಾ ಬೇರೆ ಬಾಗಿಲುಗಳನ್ನೂ ತೆರೆದಿಟ್ಟುಕೊಳ್ಳಬೇಕು. ಅದೇ ನೀಟ್ ರ‍್ಯಾಂಕಿನಲ್ಲಿ ದಂತವೈದ್ಯಕೀಯ, ಆಯುರ್ವೇದ, ಹೋಮಿಯೋಪಥಿ ಸೀಟುಗಳಿವೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ಲ್ಯಾಬ್ ಟೆಕ್ನಾಲಜಿ, ಇಮೇಜಿಂಗ್, ಅನಸ್ತೇಷಿಯಾ ಟೆಕ್ನಾಲಜಿ, ಆಪ್ಟೊಮೆಟ್ರಿಯಂಥ ಪದವಿಗಳಿವೆ. ಸಿಬಿಝಡ್ ಮುಗಿಸಿದವರಿಗೆ ಬಯೋಕೆಮಿಸ್ಟ್ರಿ, ಜೆನೆಟಿಕ್ಸ್, ಮೈಕ್ರೊಬಯಾಲಜಿಯಲ್ಲಿ ಎಂಎಸ್ಸಿ ಇದೆ, ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಇದೆ, ಬಿಎಡ್ ಮಾಡಿ ಮೇಷ್ಟರಾಗುವ ದಾರಿಯಿದೆ. ಕೋವಿಡ್ ಕಾಲದಲ್ಲಿ ಹಗಲು ರಾತ್ರಿ ಸ್ಯಾಂಪಲ್ ಪರೀಕ್ಷೆ ಮಾಡಿದವರಲ್ಲಿ ಮೈಕ್ರೊಬಯಾಲಜಿ, ಲ್ಯಾಬ್ ಟೆಕ್ನಾಲಜಿ ಓದಿದವರು ಬಹಳ. ರೋಗಿಯ ಒಳಿತಿಗೆ ದುಡಿಯುವುದಕ್ಕೆ ಎಂಬಿಬಿಎಸ್ ಒಂದೇ ದಾರಿಯಲ್ಲ. ಮನೆಯವರು ಈ ಮಾತನ್ನು ಫಲಿತಾಂಶ ಬಂದ ಮೇಲೆ ಸಮಾಧಾನಕ್ಕೆಂದು ಹೇಳಿದರೆ ಮಕ್ಕಳು ನಂಬುವುದಿಲ್ಲ. ಮೊದಲೇ ಹೇಳಬೇಕು, ಮನಸ್ಸಿನಿಂದ ಹೇಳಬೇಕು.

ಎಷ್ಟು ಸಲ ಪ್ರಯತ್ನಿಸಬೇಕೆಂದೂ ಬಿಎಸ್ಸಿಗೆ ಸೇರುವ ದಿನವೇ ತೀರ್ಮಾನಿಸಿ. ನನ್ನ ಸಲಹೆ ಇಷ್ಟು: ಮೊದಲ ವರ್ಷದ ಮೇ ತಿಂಗಳಲ್ಲಿ ಒಂದು, ಎರಡನೇ ವರ್ಷದ ಮೇ ತಿಂಗಳಲ್ಲಿ ಇನ್ನೊಂದು. ಮೂರನೇ ವರ್ಷ ಪೂರ್ತಿ ಪದವಿಗೆ, ಮುಂದಿನ ಪ್ರವೇಶ ಪರೀಕ್ಷೆಗಳಿಗೆ. ಹೀಗೆ ಗಡಿ ಹಾಕಿಕೊಂಡರೆ ಪ್ರತಿ ಸೋಲಿನ ನಂತರ ಮನೆಯಲ್ಲಿ ಹೊಸದಾಗಿ ಜಗಳ ಆಗುವುದಿಲ್ಲ, ಮಗುವಿನ ಮೇಲೆ ಕೊನೆಯಿಲ್ಲದ ಭಾರವೂ ಬೀಳುವುದಿಲ್ಲ. ಊಟ, ನಿದ್ದೆ ಬಿಟ್ಟು, ಯಾರೊಡನೆಯೂ ಮಾತಾಡದೆ ಮಗು ಕೋಣೆ ಸೇರಿದರೆ ‘ಓದ್ತಾ ಇದ್ದಾಳೆ’ ಎಂದು ಸುಮ್ಮನಾಗಬೇಡಿ. 14416 ಟೆಲಿ-ಮಾನಸ್ ಸಹಾಯವಾಣಿ. ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳಷ್ಟೇ ಅಲ್ಲ, ಪೋಷಕರೂ ಮಾಡಬಹುದು.

ಕಾಲೇಜುಗಳಿಗೂ ಒಂದು ಮಾತು. ವಿಜ್ಞಾನ ಪದವಿಯ ಮೊದಲ ವರ್ಷದ ತರಗತಿಯಲ್ಲಿ ನೀಟ್ ಮತ್ತೆ ಬರೆಯುವವರು ಇದ್ದೇ ಇರುತ್ತಾರೆ. ಅವರು ಯಾರೆಂದು ತಿಳಿದುಕೊಂಡು ಅವರಿಗೊಬ್ಬ ಅಧ್ಯಾಪಕರನ್ನು ಮಾರ್ಗದರ್ಶಕರಾಗಿ ಕೊಡಬಹುದು. ಸೆಮಿಸ್ಟರ್ ವೇಳಾಪಟ್ಟಿಯನ್ನು ವರ್ಷದ ಆರಂಭದಲ್ಲೇ ಪ್ರಕಟಿಸಬಹುದು, ಮೇ ಮೊದಲ ವಾರಕ್ಕೆ ಇಂಟರ್ನಲ್ಸ್ ಇಡದಿರಬಹುದು, ಸೀಟು ಸಿಕ್ಕಿ ಹೊರಟವರ ಟಿಸಿಯನ್ನು ಅದೇ ದಿನ ಕೊಡಬಹುದು. ಇದ್ಯಾವುದಕ್ಕೂ ಹೆಚ್ಚು ಹಣ ಬೇಕಿಲ್ಲ. ಸೀಟು ಸಿಕ್ಕಿದವರು ಹೋಗುತ್ತಾರೆ, ಸಿಗದವರು ಉಳಿಯುತ್ತಾರೆ. ಉಳಿದವರೇ ಹೆಚ್ಚು ಮಂದಿ. ಅವರ ಕೈಗೆ ಒಳ್ಳೆಯ ವಿಜ್ಞಾನ ಪದವಿಯೊಂದನ್ನು ಕೊಡುವುದು ಕಾಲೇಜಿನ ಕರ್ತವ್ಯ. ಅದನ್ನು ಶ್ರದ್ಧೆಯಿಂದ ಓದಿ ಗಳಿಸಿಕೊಳ್ಳುವುದು ವಿದ್ಯಾರ್ಥಿಯ ಪಾಲಿನ ಕೆಲಸ.